ಶಿಕಾಗೋ ಸಿಂಫನಿಯ ಹಾರ್ನ್ ಸಾಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಪಾಶ್ಚಾತ್ಯ ವಾದ್ಯವೃಂದದ ಗಾಳಿವಾದ್ಯಗಳನ್ನು ಕುರಿತು ಹಿಂದಿನ ಸಂಚಿಕೆಯಲ್ಲಿ ಬಂದ ಪರಿಚಯ ಲೇಖನದಲ್ಲಿ, ಸುರುಳಿ ಸುತ್ತಿದ ಹಿತ್ತಾಳೆ ಕೊಳವೆಯ ವಾದ್ಯವಾದ ಫ್ರೆಂಚ್ ಹಾರ್ನ್‌ಗೆ ಸಿಕ್ಕಿದ್ದು ಎರಡೇ ಪ್ಯಾರಾ. ಅದನ್ನು ಓದಿ ಬರೆದವರಲ್ಲಿ ಹೆಚ್ಚಿನವರು ವಾದ್ಯಕ್ಕಿಂತ ಅದನ್ನು ನುಡಿಸುವವರ ಬದುಕಿನ ಬಗ್ಗೆಯೇ ಕೇಳಿದ್ದಾರೆ. ಎಲ್ಲ ನಗರಗಳ ಆರ್ಕೆಸ್ಟ್ರಾಗಳನ್ನೂ ಒಟ್ಟಿಗೆ ಹಿಡಿದುಕೊಂಡರೆ ಮಾತು ತೆಳುವಾಗುತ್ತದೆ. ಆದ್ದರಿಂದ ಹಾರ್ನ್ ವಾದಕರ ಇತಿಹಾಸ ಚೆನ್ನಾಗಿ ದಾಖಲಾಗಿರುವ ಶಿಕಾಗೋ ಸಿಂಫನಿ ಆರ್ಕೆಸ್ಟ್ರಾವನ್ನು ಮುಖ್ಯವಾಗಿ ಎದುರಿಗಿಟ್ಟುಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ಹತ್ತನೆಯ ತರಗತಿಯಲ್ಲಿರುವ ನಮ್ಮ ಮಗಳು ಶಾಲೆಯ ಬ್ಯಾಂಡ್‌ನಲ್ಲಿ ಹಲವು ವರ್ಷಗಳಿಂದ ಫ್ರೆಂಚ್ ಹಾರ್ನ್ ನುಡಿಸುತ್ತಿದ್ದಾಳೆ. ಈಗ ಅದನ್ನೇ ವೃತ್ತಿಯಾಗಿಸಿಕೊಂಡು ಶಿಕಾಗೋ ಸಿಂಫನಿ ಸೇರಬೇಕೆನ್ನುತ್ತಾಳೆ. ನಾನೂ ನನ್ನ ಪತ್ನಿಯೂ ಎಂಜಿನಿಯರುಗಳು, ನಮ್ಮದು ಸಂಗೀತದ ಮನೆತನವಲ್ಲ. ಇದು ನಂಬಿ ನಡೆಯಬಹುದಾದ ದಾರಿಯೇ? (ಇಲಿನಾಯ್ ರಾಜ್ಯದ ನೇಪರ್‌ವಿಲ್‌ನಿಂದ ಒಬ್ಬ ತಂದೆ)

ಉತ್ತರ: ನಿಮ್ಮ ಮಗಳ ಆಸೆಯ ಮೇಲೆ ಗೌರವವಿರುವುದರಿಂದಲೇ ಲೆಕ್ಕವನ್ನು ಮುಚ್ಚಿಡದೆ ಹೇಳುತ್ತೇನೆ. ಸುಮಾರು ನೂರು ಜನರ ಆರ್ಕೆಸ್ಟ್ರಾದಲ್ಲಿ ಪಿಟೀಲು ನುಡಿಸುವವರೇ ಮೂವತ್ತರಷ್ಟಿದ್ದರೆ, ಹಾರ್ನ್ ನುಡಿಸುವವರು ಐದೋ ಆರೋ ಮಂದಿ ಮಾತ್ರ. ಬ್ರಾಮ್ಸ್, ಚೈಕೋವ್‌ಸ್ಕಿ ಮುಂತಾದವರ ಸಿಂಫನಿಗಳು ನಾಲ್ಕು ಹಾರ್ನ್‌ಗಳಿಗೆ ಬರೆದವು. ಅವುಗಳಲ್ಲಿ ಒಂದನೆಯ ಮತ್ತು ಮೂರನೆಯ ಹಾರ್ನ್ ಮೇಲಿನ ಸ್ವರಗಳನ್ನೂ, ಎರಡನೆಯ ಮತ್ತು ನಾಲ್ಕನೆಯ ಹಾರ್ನ್ ಕೆಳಗಿನ ಸ್ವರಗಳನ್ನೂ ನೋಡಿಕೊಳ್ಳುವುದು ಹಳೆಯ ಪದ್ಧತಿ. ಒಂದನೆಯ ಕುರ್ಚಿಯಲ್ಲಿ ಕುಳಿತವರು ಪ್ರಿನ್ಸಿಪಲ್ ಹಾರ್ನ್. ಅವರ ಪಕ್ಕದಲ್ಲಿ ಒಬ್ಬ ಸಹಾಯಕ ಪ್ರಿನ್ಸಿಪಲ್ ಇದ್ದು, ಇಡೀ ವೃಂದ ಒಟ್ಟಾಗಿ ಮೊಳಗುವ ಭಾಗಗಳಲ್ಲಿ ನುಡಿಸಿ, ಮುಂದೆ ಬರುವ ಏಕವಾದನಕ್ಕೆ ಪ್ರಿನ್ಸಿಪಲ್ ಅವರ ತುಟಿಗಳು ದಣಿಯದಂತೆ ಕಾಯುತ್ತಾರೆ.

ಈ ಐದಾರು ಕುರ್ಚಿಗಳು ಎಷ್ಟು ದಿನಕ್ಕೊಮ್ಮೆ ತೆರವಾಗುತ್ತವೆ ಎಂಬುದೇ ನೀವು ಮೊದಲು ಕೇಳಬೇಕಾದ ಪ್ರಶ್ನೆ. ಟೆನೆಸೀ ರಾಜ್ಯದ ಚಾಟನೂಗದಲ್ಲಿ ಹುಟ್ಟಿದ ಡೇಲ್ ಕ್ಲೆವೆಂಜರ್ 1966ರಲ್ಲಿ ಶಿಕಾಗೋದ ಪ್ರಿನ್ಸಿಪಲ್ ಹಾರ್ನ್ ಆದರು, ನಿವೃತ್ತರಾದದ್ದು 2013ರಲ್ಲಿ. ಅವರು ಸೇರಿದ ವರ್ಷ ಹುಟ್ಟಿದ ಮಗುವೊಂದು ಅದೇ ಕುರ್ಚಿಗೆ ಆಸೆಪಟ್ಟಿದ್ದರೆ, ಅದು ಖಾಲಿಯಾಗುವ ಹೊತ್ತಿಗೆ ಆ ಮಗುವಿಗೆ ನಲವತ್ತೇಳು ವರ್ಷವಾಗಿರುತ್ತಿತ್ತು. ಅದಕ್ಕೂ ಹಿಂದೆ ಮ್ಯಾಕ್ಸ್ ಪೊಟ್ಯಾಗ್ ಅದೇ ಸಾಲಿನಲ್ಲಿ 1907ರಿಂದ 1947ರವರೆಗೆ ನುಡಿಸಿದ್ದರು. ಕುರ್ಚಿ ತೆರವಾದ ಮೇಲೂ ಅದು ತಕ್ಷಣ ತುಂಬುತ್ತದೆ ಎನ್ನುವಂತಿಲ್ಲ. ಕ್ಲೆವೆಂಜರ್ ಅವರ ಜಾಗಕ್ಕೆ ಬರ್ಲಿನ್ ಫಿಲ್ಹಾರ್ಮೋನಿಕ್‌ನಿಂದ ಡೇವಿಡ್ ಕೂಪರ್ ಬಂದದ್ದು 2019ರಲ್ಲಿ. ಅಲ್ಲಿಯವರೆಗೆ ಸಾಲಿನಲ್ಲಿದ್ದವರೇ ಹೊಣೆ ಹೊತ್ತು ಆ ಸ್ಥಾನವನ್ನು ನಡೆಸಿಕೊಂಡು ಬಂದರು.

ಆದ್ದರಿಂದ ಶಿಕಾಗೋ ಒಂದನ್ನೇ ಗುರಿಯಾಗಿ ಇಟ್ಟುಕೊಳ್ಳುವುದು ಬೇಡವೆಂದು ಮಗಳಿಗೆ ಪ್ರೀತಿಯಿಂದ ತಿಳಿಹೇಳಿ. ಶಿಕಾಗೋದಲ್ಲೇ ಹುಟ್ಟಿ ಬೆಳೆದ ಫಿಲಿಪ್ ಫರ್ಕಸ್ ಅವರ ಬದುಕನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಶಾಲಾ ದಿನಗಳಲ್ಲಿ ಅವರು ನುಡಿಸುತ್ತಿದ್ದುದು ದೈತ್ಯಾಕಾರದ ಟ್ಯೂಬಾ. ಅದನ್ನು ಟ್ರಾಮ್‌ಗೆ ಹತ್ತಿಸಲು ಕಂಡಕ್ಟರ್ ತಕರಾರು ತೆಗೆದಾಗ, ಹಾಗಾದರೆ ಯಾವ ವಾದ್ಯ ತರಬಹುದು ಎಂದು ಕೇಳಿ, ಅವನು ತೋರಿಸಿದ ಹಾರ್ನ್ ಪೆಟ್ಟಿಗೆಯನ್ನೇ ಹಿಡಿದರಂತೆ. ಅವರಿಗೆ ಮೊದಲು ಕೆಲಸ ಸಿಕ್ಕಿದ್ದು 1933ರಲ್ಲಿ, ಹುಟ್ಟೂರಿನಲ್ಲಲ್ಲ, ಕ್ಯಾನ್ಸಸ್ ಸಿಟಿಯಲ್ಲಿ. 1936ರಲ್ಲಿ ಶಿಕಾಗೋಗೆ ಪ್ರಿನ್ಸಿಪಲ್ ಆಗಿ ಬಂದು, 1941ರಲ್ಲಿ ಬಿಟ್ಟು, ಕ್ಲೀವ್‌ಲ್ಯಾಂಡ್ ಮತ್ತು ಬಾಸ್ಟನ್‌ಗಳಲ್ಲಿ ನುಡಿಸಿ, ಮತ್ತೆ ಶಿಕಾಗೋಗೆ ಮರಳಿ 1960ರವರೆಗೆ ಇದ್ದು, ಆಮೇಲೆ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ಶ್ರೇಷ್ಠರೆನಿಸಿಕೊಂಡವರೂ ಹೀಗೆ ಊರಿಂದೂರಿಗೆ ತಿರುಗಿದ್ದಾರೆ. ಸಣ್ಣ ನಗರದ ಆರ್ಕೆಸ್ಟ್ರಾದಲ್ಲಿ ಕೆಲವು ವರ್ಷ ಕಳೆಯುವುದು ಸೋಲಲ್ಲ, ಹೆಚ್ಚಿನವರು ಕಸುಬು ಕಲಿಯುವುದೇ ಅಲ್ಲಿ. ನಿಮ್ಮ ನೆರೆಯಲ್ಲೇ ಒಂದು ಒಳ್ಳೆಯ ಮೆಟ್ಟಿಲೂ ಇದೆ: ಶಿಕಾಗೋ ಸಿಂಫನಿಯ ಆಗಿನ ಸಂಗೀತ ನಿರ್ದೇಶಕ ಫ್ರೆಡರಿಕ್ ಸ್ಟಾಕ್ ಅವರು 1919ರಲ್ಲಿ ಯುವ ವಾದಕರ ತರಬೇತಿಗಾಗಿಯೇ ಕಟ್ಟಿದ ಸಿವಿಕ್ ಆರ್ಕೆಸ್ಟ್ರಾ ಇಂದಿಗೂ ಶಿಕಾಗೋ ಸಿಂಫನಿಯ ಆಶ್ರಯದಲ್ಲಿ ನಡೆಯುತ್ತಿದೆ.

ಎಂಜಿನಿಯರುಗಳಾದ ನಿಮಗೆ ಇನ್ನೊಂದು ಸಂಗತಿ ಹಿತವೆನಿಸಬಹುದು. 1972ರಲ್ಲಿ ಬಾಸ್ಟನ್ ಸಿಂಫನಿಯ ಪ್ರಿನ್ಸಿಪಲ್ ಹಾರ್ನ್ ಆದ ಚಾರ್ಲ್ಸ್ ಕವಲೋವ್‌ಸ್ಕಿ ಅದಕ್ಕೆ ಮುನ್ನ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. 2022ರಲ್ಲಿ ಶಿಕಾಗೋದ ಪ್ರಿನ್ಸಿಪಲ್ ಆಗಿ ನೇಮಕಗೊಂಡ ಮಾರ್ಕ್ ಆಲ್ಮಂಡ್ ವೈದ್ಯಶಾಸ್ತ್ರ ಓದಿದವರು. ಆದರೆ ಇದರಿಂದ ಹಾರ್ನನ್ನು ಬಿಡುವಿನ ವೇಳೆಯ ಹವ್ಯಾಸವಾಗಿ ಇಟ್ಟುಕೊಂಡೇ ಅಲ್ಲಿಗೆ ತಲುಪಬಹುದು ಎಂಬ ತೀರ್ಮಾನಕ್ಕೆ ಬರಬೇಡಿ. ಓದು ಎಷ್ಟೇ ಇದ್ದರೂ ಇಬ್ಬರೂ ವಾದ್ಯವನ್ನು ಕೈಬಿಟ್ಟವರಲ್ಲ.

ನನ್ನ ಸಲಹೆ ಇಷ್ಟೆ. ಮುಂದಿನ ಶಾಲಾ ವರ್ಷದಲ್ಲಿ ಎರಡನೆಯ ಅಥವಾ ನಾಲ್ಕನೆಯ ಹಾರ್ನ್ ನುಡಿಸುವ ಅವಕಾಶವನ್ನು ಮಗಳು ತಾನಾಗಿಯೇ ಕೇಳಿ ಪಡೆಯಲಿ. ಪಕ್ಕದವರ ಶ್ರುತಿಗೆ ತನ್ನ ಶ್ರುತಿಯನ್ನು ಸೇರಿಸಿ, ಅವರ ಸ್ವರಕ್ಕೆ ಕೆಳಗಿನಿಂದ ಆಸರೆ ಕೊಟ್ಟು, ಸಭೆಯಲ್ಲಿ ಯಾರೂ ತನ್ನನ್ನು ಪ್ರತ್ಯೇಕವಾಗಿ ಗುರುತಿಸದ ಕೆಲಸದಲ್ಲೂ ಅವಳಿಗೆ ಸಂತೋಷ ಸಿಕ್ಕಿದರೆ ಈ ವೃತ್ತಿ ಅವಳಿಗೆ ಒಗ್ಗುತ್ತದೆ. ಪ್ರಿನ್ಸಿಪಲ್ ಕುರ್ಚಿಯೊಂದೇ ಹಾರ್ನ್ ವಾದಕರ ಗುರಿ ಎಂದು ಭಾವಿಸಿ ಹೊರಟವರು ಒಳ್ಳೆಯ ಕೆಲಸ ಸಿಕ್ಕ ಮೇಲೂ ಅತೃಪ್ತರಾಗಿ ಉಳಿಯುತ್ತಾರೆ. ಕೆಳಸ್ಥಾಯಿಯ ಹಾರ್ನ್ ಪ್ರತ್ಯೇಕ ಪರಿಣತಿ. ಬೀಥೋವನ್ನರ ಒಂಬತ್ತನೆಯ ಸಿಂಫನಿಯ ಮೂರನೆಯ ಭಾಗದಲ್ಲಿ ಬರುವ ಪ್ರಸಿದ್ಧ ಏಕವಾದನವನ್ನು ಬರೆದಿರುವುದು ನಾಲ್ಕನೆಯ ಹಾರ್ನ್‌ಗೆ.

ಪ್ರಶ್ನೆ: ಹಾರ್ನ್ ನುಡಿಸುವ ದೊಡ್ಡ ಕಲಾವಿದರೂ ವೇದಿಕೆಯ ಮೇಲೆ ತಪ್ಪುತ್ತಾರೆಂದು ಓದಿದ್ದೇನೆ. ಹಾಗಿದ್ದರೆ ಅವರನ್ನು ಆರಿಸುವುದು ಹೇಗೆ, ತಪ್ಪನ್ನು ಸಹಿಸುವುದು ಎಷ್ಟರವರೆಗೆ? (ಧಾರವಾಡದಿಂದ ಒಬ್ಬ ಸಂಗೀತ ವಿದ್ಯಾರ್ಥಿ)

ಉತ್ತರ: ತಂಬೂರಿಯ ಒಂದೇ ತಂತಿಯಿಂದ ಷಡ್ಜದ ಜೊತೆಗೆ ಗಾಂಧಾರ, ಪಂಚಮಗಳು ತಾವಾಗಿ ಹೊಮ್ಮುವುದನ್ನು ನೀವು ದಿನವೂ ಕೇಳುತ್ತೀರಿ. ಹಾರ್ನ್‌ನ ಕೊಳವೆಯಲ್ಲೂ ಇಂಥ ಸ್ವಯಂಭೂ ಸ್ವರಗಳೇ ಅಡಗಿವೆ, ಅವುಗಳಲ್ಲಿ ಬೇಕಾದುದನ್ನು ವಾದಕರು ತುಟಿಯ ಬಿಗಿಯಿಂದ ಆರಿಸಿಕೊಳ್ಳಬೇಕು. ಎಡಗೈ ಬೆರಳುಗಳಿಂದ ಒತ್ತುವ ವಾಲ್ವ್‌ಗಳು ಕೊಳವೆಯ ಉದ್ದವನ್ನು ಬದಲಿಸುತ್ತವೆಯೇ ಹೊರತು ಸ್ವರವನ್ನು ಪೂರ್ತಿಯಾಗಿ ನಿರ್ಧರಿಸುವುದಿಲ್ಲ. ಎಫ್ ಶ್ರುತಿಯ ಹಾರ್ನ್ ಕೊಳವೆಯನ್ನು ಬಿಡಿಸಿದರೆ ಸುಮಾರು 3.7 ಮೀಟರ್ ಉದ್ದವಾಗುತ್ತದೆ, ಟ್ರಂಪೆಟ್‌ನದು ಅದರ ಅರ್ಧಕ್ಕಿಂತಲೂ ಕಡಿಮೆ. ಇಷ್ಟು ಉದ್ದದ ಕೊಳವೆಯಲ್ಲಿ ಸ್ವಯಂಭೂ ಸ್ವರಗಳು ಮೇಲೆ ಹೋದಂತೆ ಒಂದಕ್ಕೊಂದು ಒತ್ತೊತ್ತಾಗಿ ಸೇರಿಕೊಳ್ಳುತ್ತವೆ, ಮತ್ತು ಹಾರ್ನ್‌ನ ಮುಖ್ಯ ಹಾಡುಗಳೆಲ್ಲ ಆ ಒತ್ತಾದ ಜಾಗದಲ್ಲೇ ಇವೆ. ತುಟಿ ಕೂದಲೆಳೆಯಷ್ಟು ಸಡಿಲವಾದರೂ ಪಕ್ಕದ ಸ್ವರ ನುಡಿದುಬಿಡುತ್ತದೆ. ಹೀಗಾಗಿ ಊದುವ ಮುನ್ನ ಆ ಸ್ವರವನ್ನು ಮನಸ್ಸಿನಲ್ಲಿ ಹಾಡಿಕೊಂಡಿರಬೇಕು, ಗಾಯಕರು ಎತ್ತುಗಡೆಗೆ ಮುನ್ನ ಮಾಡುವುದೂ ಇದನ್ನೇ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯಲ್ಲಿ ರೂಪುಗೊಂಡ ಡಬಲ್ ಹಾರ್ನ್‌ನಲ್ಲಿ ಸುಮಾರು 2.7 ಮೀಟರಿನ ಇನ್ನೊಂದು ಕೊಳವೆಯೂ ಇದ್ದು, ಹೆಬ್ಬೆರಳಿನಿಂದ ಅದಕ್ಕೆ ಹೊರಳಿದರೆ ಮೇಲಿನ ಸ್ವರಗಳು ಸ್ವಲ್ಪ ಭದ್ರವಾಗುತ್ತವೆ. ಸ್ವಲ್ಪ ಮಾತ್ರ.

ಇನ್ನೂ ಎರಡು ತೊಡಕುಗಳಿವೆ. ವಾದ್ಯದ ಗಂಟೆಯಾಕಾರದ ಬಾಯಿ ಹಿಂದಕ್ಕೆ ತಿರುಗಿರುವುದರಿಂದ ನಾದವು ವೇದಿಕೆಯ ಹಿಂಗೋಡೆಗೆ ತಾಗಿ ಸಭೆಯನ್ನು ತಲುಪುತ್ತದೆ. ಆದ್ದರಿಂದ ಹಾರ್ನ್ ಸಾಲಿನವರು ತಾಳಕ್ಕಿಂತ ಕ್ಷಣದಷ್ಟು ಮುಂಚಿತವಾಗಿ ನುಡಿಸುವುದನ್ನು ರೂಢಿಸಿಕೊಂಡಿರುತ್ತಾರೆ. ಜೊತೆಗೆ ಉಸಿರಿನ ತೇವ ಕೊಳವೆಯೊಳಗೆ ನೀರಾಗಿ ನಿಲ್ಲುತ್ತದೆ. ವಿರಾಮದ ಮಾತ್ರೆಗಳನ್ನು ಎಣಿಸುತ್ತಲೇ ಅವರು ಹಾರ್ನನ್ನು ತೊಡೆಯ ಮೇಲೆ ಸುತ್ತು ತಿರುಗಿಸಿ, ಸಣ್ಣ ಸಣ್ಣ ಕೊಳವೆಗಳನ್ನು ಎಳೆದು ನೀರು ಕೊಡವಿ, ಮತ್ತೆ ಸಿಕ್ಕಿಸಿ, ಸರಿಯಾದ ಮಾತ್ರೆಗೆ ತುಟಿಗಿಡುವುದನ್ನು ಹತ್ತಿರದಿಂದ ನೋಡಬೇಕು. ಒಂದು ಹನಿ ಉಳಿದರೂ ಮೆಲುದನಿಯ ಸ್ವರ ಗೊರಗುಟ್ಟುತ್ತದೆ.

ಆಯ್ಕೆಯ ವಿಚಾರಕ್ಕೆ ಬರುತ್ತೇನೆ. ಅಮೆರಿಕದಲ್ಲಿ ಒಂದು ಹಾರ್ನ್ ಕುರ್ಚಿ ತೆರವಾಯಿತೆಂದರೆ ದೇಶದ ಎಲ್ಲ ಕಡೆಗಳಿಂದ ಅರ್ಜಿಗಳು ಬರುತ್ತವೆ. ಆಡಿಷನ್‌ನ ಮೊದಲ ಸುತ್ತುಗಳಲ್ಲಿ ಅಭ್ಯರ್ಥಿಗೂ ತೀರ್ಪುಗಾರರಿಗೂ ನಡುವೆ ಪರದೆ ಇರುತ್ತದೆ. ಹೆಸರಿಗೆ ಬದಲು ಸಂಖ್ಯೆ ಇರುತ್ತದೆ. ಹೆಜ್ಜೆಯ ಸದ್ದಿನಿಂದ ಹೆಣ್ಣೋ ಗಂಡೋ ಎಂಬುದು ತಿಳಿಯದಿರಲೆಂದು ನೆಲಕ್ಕೆ ಜಮಖಾನ ಹಾಸುವುದೂ ಉಂಟು. ಅಭ್ಯರ್ಥಿಗೆ ಏನಾದರೂ ಕೇಳಬೇಕಿದ್ದರೆ ಜೊತೆಗಿರುವ ಸಿಬ್ಬಂದಿಯ ಕಿವಿಯಲ್ಲಿ ಪಿಸುಗುಟ್ಟಬೇಕು. ಮೊಜಾರ್ಟನ ಹಾರ್ನ್ ಕಾನ್ಚೆರ್ಟೋ (ಒಬ್ಬ ಮುಖ್ಯ ವಾದಕ ಆರ್ಕೆಸ್ಟ್ರಾದ ಜೊತೆ ನುಡಿಸುವ ಕೃತಿ) ಒಂದರ ಆರಂಭದ ನಂತರ, ಆರ್ಕೆಸ್ಟ್ರಾ ಕೃತಿಗಳ ಕಷ್ಟದ ತುಣುಕುಗಳನ್ನು ಒಂದಾದ ಮೇಲೊಂದರಂತೆ ನುಡಿಸಬೇಕು. ರಿಚರ್ಡ್ ಸ್ಟ್ರೌಸ್‌ನ ಟಿಲ್ ಆಯ್ಲನ್‌ಷ್ಪೀಗಲ್‌ನ ಆರಂಭದ ಕರೆ ಸಲೀಸಾಗಿ ಮೇಲೇರಿ, ಕೊನೆಗೆ ಒಮ್ಮೆಲೇ ವಾದ್ಯದ ತಳಕ್ಕೆ ಇಳಿಯುತ್ತದೆ. ಅದನ್ನು ನುಡಿಸಿ ಉಸಿರು ಹದಕ್ಕೆ ಬರುವ ಮೊದಲೇ ಚೈಕೋವ್‌ಸ್ಕಿಯ ಐದನೆಯ ಸಿಂಫನಿಯ ಎರಡನೆಯ ಭಾಗದ ದೀರ್ಘ, ಮೃದುವಾದ ಹಾಡನ್ನು ಕೇಳಬಹುದು. ಇಷ್ಟು ಸಾಧಿಸಿ ಆಯ್ಕೆಯಾದವರಿಗೂ ಒಂದೆರಡು ವರ್ಷ ಪರೀಕ್ಷಾವಧಿ ಇದ್ದು, ಸಹವಾದಕರೂ ಸಂಗೀತ ನಿರ್ದೇಶಕರೂ ಒಪ್ಪಿದ ಮೇಲಷ್ಟೇ ಕೆಲಸ ಕಾಯಂ ಆಗುತ್ತದೆ.

ಕಾಯಂ ಆದವರು ಅಪರೂಪಕ್ಕೆ ಜಾರಿದರೆ ಸಾಲಿನಲ್ಲಿ ಯಾರೂ ತಲೆ ತಿರುಗಿಸಿ ನೋಡುವುದಿಲ್ಲ, ಅದು ಆ ವೃತ್ತಿಯ ಸಭ್ಯತೆ. ಪತ್ರಿಕೆಗಳು ಅಷ್ಟು ಉದಾರವಲ್ಲ. ಕ್ಲೆವೆಂಜರ್ ಅವರ ಕೊನೆಯ ವರ್ಷಗಳ ಜಾರುಗಳನ್ನು ಶಿಕಾಗೋದ ವಿಮರ್ಶಕರು ಬಹಿರಂಗವಾಗಿ ಬರೆದರು. ವಿಮರ್ಶಕರ ಕೆಲಸ ಅದೇ ಎಂದು ಒಪ್ಪುತ್ತೇನೆ. ಆದರೆ ನಾಲ್ಕು ದಶಕಗಳ ಕಾಲ ಒಂದು ನಗರಕ್ಕೆ ನಾದದ ಗುರುತನ್ನೇ ಕೊಟ್ಟವರ ಬಗ್ಗೆ ಬರೆಯುವಾಗ ಆ ದಶಕಗಳೂ ಅದೇ ಲೇಖನದಲ್ಲಿ ಇರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪ್ರಶ್ನೆ: ಹಾರ್ನ್‌ನಂಥ ಹಿತ್ತಾಳೆ ವಾದ್ಯಗಳಲ್ಲಿ ಹೆಣ್ಣುಮಕ್ಕಳಿಗೆ ಜಾಗ ಸಿಕ್ಕಿದ್ದು ಯಾವಾಗ? (ಶಿವಮೊಗ್ಗದಿಂದ ಒಬ್ಬ ಶಿಕ್ಷಕಿ)

ಉತ್ತರ: ಶಿಕಾಗೋದಲ್ಲಿ ಬಹಳ ಬೇಗ. ಫರ್ಕಸ್ 1941ರಲ್ಲಿ ಕ್ಲೀವ್‌ಲ್ಯಾಂಡ್‌ಗೆ ಹೋದಾಗ ಆ ಸ್ಥಾನಕ್ಕೆ ಬಂದವರು ಹೆಲೆನ್ ಕೋಟಸ್ ಎಂಬ ಯುವತಿ. ಅವರು 1947ರವರೆಗೆ ಪ್ರಿನ್ಸಿಪಲ್ ಹಾರ್ನ್ ಆಗಿದ್ದರು. ಅಮೆರಿಕದ ದೊಡ್ಡ ಆರ್ಕೆಸ್ಟ್ರಾಗಳಲ್ಲಿ ಮಹಿಳೆಯರು ಹೆಚ್ಚಾಗಿ ಹಾರ್ಪ್ ಬಳಿ ಮಾತ್ರ ಕಾಣಸಿಗುತ್ತಿದ್ದ ಕಾಲವದು, ಪರದೆಯ ಹಿಂದಿನ ಆಡಿಷನ್ ಇನ್ನೂ ರೂಢಿಗೆ ಬಂದಿರಲಿಲ್ಲ. ನಿರ್ದೇಶಕ ಸ್ಟಾಕ್ ಅವರು ಎದುರಿಗೇ ಕಂಡು, ಕೇಳಿ ಅವರನ್ನು ಆರಿಸಿದರು. ಈ ಒಂದು ನೇಮಕಕ್ಕಾಗಿ ಸ್ಟಾಕ್ ಅವರ ಮೇಲೆ ನನಗೆ ವಿಶೇಷ ಗೌರವ.

ಆದರೆ ಒಂದು ನೇಮಕದಿಂದ ದಾರಿ ತೆರೆಯಿತೆಂದು ಹೇಳಲಾಗದು. ಅದೇ ಸಾಲಿಗೆ ಗೇಲ್ ವಿಲಿಯಮ್ಸ್ ಬಂದದ್ದು 1978ರಲ್ಲಿ. ಅವರು ಮುಂದೆ ಸಹ ಪ್ರಿನ್ಸಿಪಲ್ ಆಗಿ, 1998ರಲ್ಲಿ ಆರ್ಕೆಸ್ಟ್ರಾ ಬಿಟ್ಟು, ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಒಂದು ತಲೆಮಾರಿನ ಹಾರ್ನ್ ವಾದಕರನ್ನು ತಯಾರುಮಾಡಿದರು. ಯುರೋಪ್ ಇನ್ನೂ ನಿಧಾನ: ಬರ್ಲಿನ್ ಫಿಲ್ಹಾರ್ಮೋನಿಕ್‌ನ ಹಿತ್ತಾಳೆ ವಾದ್ಯಗಳ ವಿಭಾಗಕ್ಕೆ ಮೊದಲ ಮಹಿಳೆಯಾಗಿ ಸಾರಾ ವಿಲ್ಲಿಸ್ ಸೇರಿದ್ದು 2001ರಲ್ಲಿ. ಅವರು ಕೆಳಸ್ಥಾಯಿಯ ಹಾರ್ನ್ ವಾದಕಿ ಎಂಬುದನ್ನು ನೇಪರ್‌ವಿಲ್‌ನ ತಂದೆಯವರೂ ಗಮನಿಸಬೇಕೆಂದು ಕೋರುತ್ತೇನೆ. ಫಿಲಡೆಲ್ಫಿಯಾ ಆರ್ಕೆಸ್ಟ್ರಾದ ಪ್ರಿನ್ಸಿಪಲ್ ಕುರ್ಚಿಗೆ 2006ರಲ್ಲಿ ಜೆನಿಫರ್ ಮಾಂಟೋನ್ ಬಂದರು.

ಪ್ರಶ್ನೆ: ಸಂಬಳ, ಪಿಂಚಣಿಗಳು ಹೇಗೆ? ಕಲಾವಿದರೂ ಮುಷ್ಕರ ಹೂಡುತ್ತಾರೆಂದು ಕೇಳಿ ಆಶ್ಚರ್ಯವಾಯಿತು. (ಬೆಂಗಳೂರಿನಿಂದ ಒಬ್ಬ ನಿವೃತ್ತ ಬ್ಯಾಂಕ್ ನೌಕರರು)

ಉತ್ತರ: ಬ್ಯಾಂಕಿನಲ್ಲಿದ್ದ ತಮಗೆ ಈ ಜಗಳದ ಒಳಗುಟ್ಟು ಬೇಗ ಅರ್ಥವಾಗುತ್ತದೆ. 2019ರ ಮಾರ್ಚ್‌ನಲ್ಲಿ ಶಿಕಾಗೋ ಸಿಂಫನಿಯ ವಾದಕರು ಮುಷ್ಕರ ಆರಂಭಿಸಿ ಸುಮಾರು ಏಳು ವಾರ ಮುಂದುವರಿಸಿದರು. ಸಂಬಳದಷ್ಟೇ ದೊಡ್ಡ ತಕರಾರು ಪಿಂಚಣಿಯದು. ನಿವೃತ್ತಿಯ ನಂತರ ನಿಗದಿತ ಮೊತ್ತವನ್ನು ಖಾತರಿಯಾಗಿ ಕೊಡುವ ಹಳೆಯ ವ್ಯವಸ್ಥೆಯ ಬದಲಿಗೆ, ಪ್ರತಿಯೊಬ್ಬರ ಖಾತೆಗೆ ವಂತಿಗೆ ಹಾಕಿ ಮಾರುಕಟ್ಟೆಯ ಏರಿಳಿತಕ್ಕೆ ಬಿಡುವ ವ್ಯವಸ್ಥೆಯನ್ನು ಆಡಳಿತ ಮಂಡಳಿ ಮುಂದಿಟ್ಟಿತ್ತು. ಕೊನೆಗೆ ನಗರದ ಮೇಯರ್ ಮಧ್ಯಸ್ಥಿಕೆಯಲ್ಲಿ ಏಪ್ರಿಲ್ ಅಂತ್ಯಕ್ಕೆ ರಾಜಿಯಾಗಿ, ಐದು ವರ್ಷಗಳಲ್ಲಿ ಸಂಬಳ ಶೇ 13.25ರಷ್ಟು ಏರಿ, ಕೊನೆಯ ವರ್ಷದಲ್ಲಿ ಕನಿಷ್ಠ ವಾರ್ಷಿಕ ಸಂಬಳ 1,81,272 ಡಾಲರ್ ಆಗುವಂತೆ ಒಪ್ಪಂದವಾಯಿತು. ಪ್ರಿನ್ಸಿಪಲ್ ವಾದಕರು ಇದಕ್ಕಿಂತ ಹೆಚ್ಚಿನದನ್ನು ಪ್ರತ್ಯೇಕವಾಗಿ ಕುದುರಿಸಿಕೊಳ್ಳುತ್ತಾರೆ.

ಈ ಅಂಕಿಯನ್ನು ನೋಡಿ ಎಲ್ಲ ಹಾರ್ನ್ ವಾದಕರೂ ಅನುಕೂಲಸ್ಥರು ಎಂದುಕೊಳ್ಳಬಾರದು. ಇದು ಅಮೆರಿಕದ ಬೆರಳೆಣಿಕೆಯ ಆರ್ಕೆಸ್ಟ್ರಾಗಳ ಮಾತು. ಸಣ್ಣ ನಗರಗಳಲ್ಲಿ ತಾಲೀಮಿಗಿಷ್ಟು, ಕಛೇರಿಗಿಷ್ಟು ಎಂದು ದಿನದ ಲೆಕ್ಕದಲ್ಲಿ ಹಣ ಪಡೆದು, ಎರಡು ಮೂರು ಊರುಗಳ ನಡುವೆ ಕಾರು ಓಡಿಸುತ್ತ, ಮನೆಯಲ್ಲಿ ಪಾಠ ಹೇಳಿ ಸಂಸಾರ ತೂಗಿಸುವವರೇ ಹೆಚ್ಚು. ಒಳ್ಳೆಯ ವಾದ್ಯವೊಂದಕ್ಕೇ ಸಾವಿರಾರು ಡಾಲರ್ ಬೇಕು, ಅದನ್ನು ವಾದಕರೇ ಕೊಳ್ಳಬೇಕು.

ಹಾರ್ನ್ ವಾದಕರಿಗೆ ಪಿಂಚಣಿ ಅಷ್ಟು ಮುಖ್ಯವಾಗಲು ಕಾರಣ ಅವರ ಬಾಯಿಯೇ. ಹಲ್ಲಿನ ಒಂದು ಚಿಕಿತ್ಸೆ, ತುಟಿಯ ಸ್ನಾಯುವಿಗಾದ ಒಂದು ಪೆಟ್ಟು, ಅಥವಾ ಮಿದುಳಿನ ಆಜ್ಞೆಯನ್ನು ತುಟಿ ಪಾಲಿಸದಂತೆ ಮಾಡುವ ಡಿಸ್ಟೋನಿಯಾ ಎಂಬ ತೊಂದರೆ, ಇವುಗಳಲ್ಲಿ ಯಾವುದೊಂದು ಬಂದರೂ ವೃತ್ತಿ ನಡುವಯಸ್ಸಿನಲ್ಲೇ ಮುಗಿಯಬಹುದು. ಅಮೆರಿಕದ ಕಾನೂನು ವಯಸ್ಸಿನ ಕಾರಣಕ್ಕೆ ಕಡ್ಡಾಯ ನಿವೃತ್ತಿಯನ್ನು ಒಪ್ಪುವುದಿಲ್ಲ, ಆದ್ದರಿಂದ ಯಾವಾಗ ಎದ್ದು ಹೋಗಬೇಕೆಂಬ ನಿರ್ಧಾರ ಬಹುಮಟ್ಟಿಗೆ ವಾದಕರದೇ. ಜರ್ಮನಿಯಲ್ಲಿ ಸಾಮಾನ್ಯವಾಗಿ ಸರ್ಕಾರಿ ಪಿಂಚಣಿಯ ವಯಸ್ಸಿಗೆ ಬಿಡುತ್ತಾರೆ. ಜರ್ಮನಿಯ ಕ್ರಮವೇ ಎಲ್ಲರಿಗೂ ಒಳ್ಳೆಯದೆಂದು ನನಗನ್ನಿಸುತ್ತದೆ. ಹಿರಿಯರ ಮರ್ಯಾದೆಯೂ ಉಳಿಯುತ್ತದೆ, ಕಿರಿಯರಿಗೆ ಜಾಗವೂ ಸಿಗುತ್ತದೆ. ಎದ್ದು ಹೋದ ಮೇಲೂ ಕಸುಬು ನಿಲ್ಲಬೇಕಿಲ್ಲ: ಫರ್ಕಸ್ ಅವರಂತೆಯೇ ಕ್ಲೆವೆಂಜರ್ ಕೂಡ 2013ರ ನಂತರ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು.

ಪ್ರಶ್ನೆ: ಕರ್ನಾಟಕದಲ್ಲಿದ್ದುಕೊಂಡು ಈ ವೃತ್ತಿ ಸಾಧ್ಯವೇ? ಮೈಸೂರು ಮಹಾರಾಜರಿಗೂ ಇಂಥ ಆರ್ಕೆಸ್ಟ್ರಾ ಒಂದಕ್ಕೂ ನಂಟಿತ್ತು ಎನ್ನುತ್ತಾರೆ, ನಿಜವೇ? (ಮೈಸೂರಿನಿಂದ ಒಬ್ಬ ಓದುಗರು)

ಉತ್ತರ: ನಿಜ. ಜಯಚಾಮರಾಜೇಂದ್ರ ಒಡೆಯರ್ ಅವರು ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದು ಅದಕ್ಕೆ ಧನಸಹಾಯವನ್ನೂ ಮಾಡಿದ್ದರು. ರಿಚರ್ಡ್ ಸ್ಟ್ರೌಸ್ ಬರೆದ ಕೊನೆಯ ನಾಲ್ಕು ಹಾಡುಗಳ ಮೊದಲ ಪ್ರಯೋಗ 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಡೆಯಿತು. ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ ನುಡಿಸಿ, ಕರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿದ ಆ ಕಛೇರಿಗೆ ಹಣದ ಖಾತರಿ ಕೊಟ್ಟವರು ನಮ್ಮ ಮಹಾರಾಜರೇ. ಆ ಹಾಡುಗಳಲ್ಲೊಂದು ಹಾರ್ನ್‌ನ ಏಕವಾದನದಿಂದ ಮುಗಿಯುತ್ತದೆ. ಸ್ಟ್ರೌಸ್‌ನ ತಂದೆ ಫ್ರಾಂಜ್ ಮ್ಯೂನಿಕ್‌ನ ಆಸ್ಥಾನ ವಾದ್ಯವೃಂದದಲ್ಲಿ ಹಾರ್ನ್ ವಾದಕರಾಗಿದ್ದರೆಂಬುದನ್ನು ನೆನೆದರೆ ಅದು ಇನ್ನಷ್ಟು ಮನಸ್ಸಿಗೆ ತಟ್ಟುತ್ತದೆ. ಆ ವರ್ಷಗಳಲ್ಲಿ ಫಿಲ್ಹಾರ್ಮೋನಿಯಾದ ಪ್ರಿನ್ಸಿಪಲ್ ಹಾರ್ನ್ ಡೆನ್ನಿಸ್ ಬ್ರೇನ್.

ವೃತ್ತಿಯ ಮಾತಿಗೆ ಬಂದರೆ ಅವಕಾಶ ಬಹಳ ಕಡಿಮೆ. ಅರಮನೆಯ ಬ್ಯಾಂಡ್‌ನ ಪರಂಪರೆ ಮೈಸೂರಿನ ಪೊಲೀಸ್ ಬ್ಯಾಂಡ್‌ನಲ್ಲಿ ಮುಂದುವರಿದಿದೆ, ಸೇನೆಯ ಬ್ಯಾಂಡ್‌ಗಳಲ್ಲೂ ಹಿತ್ತಾಳೆ ವಾದ್ಯಗಳಿಗೆ ಕೆಲಸವಿದೆ. ಪೂರ್ಣಾವಧಿಯ ವೃತ್ತಿಪರ ಆರ್ಕೆಸ್ಟ್ರಾ ಎಂದರೆ 2006ರಲ್ಲಿ ಮುಂಬೈನಲ್ಲಿ ಆರಂಭವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ. ಅದರ ವಾದಕರಲ್ಲೂ ಹೊರದೇಶದವರೇ ಹೆಚ್ಚು. ಹಾರ್ನ್ ಕಲಿಯಬೇಕೆಂಬ ಗಂಭೀರ ಆಸೆಯುಳ್ಳವರು ಪದವಿಯ ಹಂತಕ್ಕಾದರೂ ಹೊರಗೆ ಹೋಗಲೇಬೇಕಾಗಿದೆ.

ಪ್ರಶ್ನೆ: ಈ ವಾದಕರನ್ನು ಕೇಳಲು ಎಲ್ಲಿಂದ ಶುರುಮಾಡಲಿ? (ಉಡುಪಿಯಿಂದ ಒಬ್ಬ ವಿದ್ಯಾರ್ಥಿನಿ)

ಉತ್ತರ: ಫರ್ಕಸ್ ಅವರಿಗಾಗಿ ಫ್ರಿಟ್ಜ್ ರೈನರ್ ನಿರ್ದೇಶನದಲ್ಲಿ 1954ರಲ್ಲಿ ಧ್ವನಿಮುದ್ರಿಸಿದ ಸ್ಟ್ರೌಸ್‌ನ ಐನ್ ಹೆಲ್ಡೆನ್‌ಲೇಬೆನ್ ಕೇಳಿ. ಕ್ಲೆವೆಂಜರ್ ಅವರಿಗಾಗಿ ಜಾರ್ಜ್ ಸೋಲ್ಟಿ 1970ರಲ್ಲಿ ಧ್ವನಿಮುದ್ರಿಸಿದ ಮಾಹ್ಲರ್‌ನ ಐದನೆಯ ಸಿಂಫನಿಯ ಮೂರನೆಯ ಭಾಗವನ್ನು ಕೇಳಿ. ಅಲ್ಲಿ ಹಾರ್ನ್ ಬಹುತೇಕ ಕಾನ್ಚೆರ್ಟೋ ವಾದಕನ ಸ್ಥಾನದಲ್ಲಿದೆ. ಇವೆರಡರ ನಂತರ ತಪ್ಪದೆ ಶೂಮನ್‌ನ ಕೊನ್‌ಜರ್ಟ್‌ಶ್ಟುಕ್ ಕೇಳಿ. ನಾಲ್ಕು ಹಾರ್ನ್‌ಗಳಿಗಾಗಿ ಬರೆದ ಈ ಕೃತಿಯನ್ನು ಬಾರೆನ್‌ಬೋಯಿಮ್ ನಿರ್ದೇಶನದಲ್ಲಿ ಕ್ಲೆವೆಂಜರ್, ರಿಚರ್ಡ್ ಓಲ್ಡ್‌ಬರ್ಗ್, ಥಾಮಸ್ ಹೋವೆಲ್, ನಾರ್ಮನ್ ಶ್ವೈಕರ್ಟ್ ನುಡಿಸಿದ್ದಾರೆ, ನಾಲ್ವರೂ ಆಗ ಶಿಕಾಗೋ ಸಾಲಿನಲ್ಲಿದ್ದವರು. ಮೊದಲ ಸಲ ಮೇಲಿನ ಹಾರ್ನನ್ನು ಹಿಂಬಾಲಿಸಿ, ಎರಡನೆಯ ಸಲ ಕೇವಲ ಕೆಳಗಿನ ಎರಡು ಹಾರ್ನ್‌ಗಳ ಮೇಲೆ ಕಿವಿಯಿಡಿ.